ಅಡಿಮರ

"ರಿಪೇರಿ ಆಗಲ್ಲ ಅಂದುಬಿಡಿ ಮೇಸ್ತ್ರಿ. ಅಡಿಮರ ಹೋಗಿದೆ ಅನ್ನಿ. ಅಷ್ಟು ಸಾಕು."

ಆಡಿದ ಮೇಲೆ ಆ ದನಿ ತನ್ನದೇ ಹೌದೋ ಅಲ್ಲವೋ ಎಂದು ಅವಳಿಗೇ ಅನುಮಾನವಾಯಿತು. ಶೆಡ್ಡಿನೊಳಗೆ, ದಪ್ಪ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ ಹಾಯಿದೋಣಿಯ ಹೊಟ್ಟೆಯಡಿ ಬೆನ್ನು ಬಗ್ಗಿಸಿ ನಿಂತಿದ್ದಳು. ಕೂದಲಿಗೆಲ್ಲ ಮರದ ಹುಡಿ ಮೆತ್ತಿಕೊಂಡಿತ್ತು. ದೋಣಿ ಕಟ್ಟುವ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು, ತಲೆಯೆತ್ತದೆ, ಉಪ್ಪುನೀರು ಕುಡಿದು ಉಬ್ಬಿದ ಹಲಗೆಗಳ ಸಂದಿಗೆ ಉಳಿಯ ತುದಿ ತೂರಿಸಿ ನೋಡುತ್ತಿದ್ದ.

"ಹೋಗಿಲ್ಲವಲ್ಲ ಅಕ್ಕಾ," ಎಂದ.

"ಹೋಗಿಲ್ಲ ಅಂತ ನಂಗೂ ಗೊತ್ತು. ಹೋಗಿದೆ ಅನ್ನಿ ಅಂತ ಕೇಳ್ತಿದ್ದೀನಿ."

ಮೇಸ್ತ್ರಿ ಉಳಿಯನ್ನು ತೊಡೆಗೆ ಒರೆಸಿಕೊಂಡ. "ಹಲಗೆ ಅಂದ್ರೆ ಮೈಮೇಲಿನ ಬಟ್ಟೆ. ಹರಿದ್ರೆ ಬೇರೆ ತೊಡಿಸಬಹುದು. ಪಕ್ಕೆಲುಬು ಮುರಿದ್ರೂ ಕಟ್ಟಬಹುದು. ಉದ್ದಕ್ಕೂ ಬೆನ್ನೆಲುಬಿನ ಹಾಗಿರೋ ಈ ಅಡಿಮರ ಬಿರುಕು ಬಿಟ್ರೆ ಮಾತ್ರ ದೋಣಿ ಸತ್ತ ಹಾಗೆ. ಇದು ಕಲ್ಲಿನ ಹಾಗಿದೆ. ನಿಮ್ಮ ಮಾವನೋರು ಇದನ್ನ ಕಟ್ಟುವಾಗ ಕೊಡತಿ ಹಿಡಿದಿದ್ದೋರು ನಮ್ಮಪ್ಪ. ನಾನು ಸುಳ್ಳು ಹೇಳಿದ್ರೆ ಇಬ್ಬರೂ ಜೊತೆಯಾಗಿ ಎದ್ದು ಬಂದು ಅದೇ ಕೊಡತೀಲಿ ನನ್ನ ತಲೆಗೆ ಬಾರಿಸ್ತಾರೆ."

"ಸತ್ತವರು ಎದ್ದು ಬರಲ್ಲ ಮೇಸ್ತ್ರಿ. ಬದುಕಿರೋರು ನೀರಿಗೆ ಹೋಗ್ತಾರೆ."

ಮೇಸ್ತ್ರಿಯ ಮುಖದ ನಗೆ ಇಳಿಯಿತು. ಹೊರಗೆ ಬಿರುಗಾಳಿಗೆ ಸಿಕ್ಕ ಇನ್ನೊಂದು ದೋಣಿ ಇದೇ ಜಾಗಕ್ಕಾಗಿ ಕಾದು ನಿಂತಿತ್ತು. ಗೋಡೆಗೆ ಒರಗಿಸಿದ್ದ ಉದ್ದ ಗರಗಸಕ್ಕೆ ಆಗಲೇ ಎಣ್ಣೆ ಹಚ್ಚಿಯಾಗಿತ್ತು. ಬೆಳಿಗ್ಗೆ ಅವಳ ಗಂಡನೇ ಹೇಳಿಕಳಿಸಿದ್ದ: ನಾನು ಬಂದು ನೋಡ್ತೀನಿ, ಅಡಿಮರ ಹೋಗಿದ್ರೆ ಇವತ್ತೇ ಒಡೆದುಹಾಕಿ, ನಾಳೆಗೆ ಇಟ್ಟುಕೊಳ್ಳೋದು ಬೇಡ.

ನೋಡ್ತೀನಿ ಅಂದಿದ್ದ! ಅವಳಿಗೆ ಅಳು ನಗು ಎರಡೂ ಒಟ್ಟಿಗೇ ಬಂದಿದ್ದವು.

ಕೆಲವು ವರ್ಷಗಳಿಂದ ಗಂಡನ ಕಣ್ಣಿಗೆ ಅಂಚಿನಿಂದ ನಡುವಿಗೆ ಕತ್ತಲು ಹರಿದು ಬರುತ್ತಿತ್ತು. ಈಗ ಉಳಿದದ್ದು ಕೀಲಿಕಂಡಿಯಲ್ಲಿ ಇಣುಕಿದಷ್ಟು ಬೆಳಕು, ಅದೂ ಮಂಜು ಮಂಜು. ಆದರೆ 'ಕಾಣುವುದಿಲ್ಲ' ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಪೇಪರು ಬಿಡಿಸಿಕೊಂಡು ಕೂತು, ಅವಳು ಕೋಣೆಯೊಳಗೆ ಬಂದ ಸದ್ದಾದರೆ ಪುಟ ತಿರುಗಿಸುತ್ತಿದ್ದ. ಲೋಟಕ್ಕೆ ನೀರು ಬಗ್ಗಿಸುವಾಗ ಅಂಚಿನೊಳಗೆ ಬೆರಳು ಅದ್ದಿಕೊಂಡಿರುತ್ತಿದ್ದ. ಅವಳೂ ಕಂಡು ಕಾಣದ ಹಾಗೆ ಇದ್ದುಬಿಡುತ್ತಿದ್ದಳು. ಮನೆಯಲ್ಲಿ ಕುರುಡರು ಇಬ್ಬರು ಎಂದು ತನ್ನಷ್ಟಕ್ಕೇ ಅಂದುಕೊಂಡದ್ದುಂಟು.

ಹೀಗಿರುವಾಗ, ಬಿರುಗಾಳಿಗೆ ಸ್ವಲ್ಪ ದಿನ ಮುಂಚೆ, ಒಂದು ಬೆಳಿಗ್ಗೆ ಎದ್ದರೆ ಹಾಸಿಗೆಯ ಅವನ ಮಗ್ಗುಲು ತಣ್ಣಗಾಗಿತ್ತು. ಗೂಟದಲ್ಲಿ ಅಂಗಿಯಿರಲಿಲ್ಲ. ದೋಣಿ ನಿಲ್ಲಿಸುವ ಕಲ್ಲುಕಟ್ಟೆಗೆ ಓಡಿದರೆ ದೋಣಿಯೂ ಇರಲಿಲ್ಲ. ಹೊತ್ತು ನೆತ್ತಿಗೇರಿ ಇಳಿಯುವ ತನಕ ಅವಳು ಆ ಕಲ್ಲುಗಳ ಮೇಲೆ ನಿಂತಿದ್ದಳು. ಕೊನೆಗೆ ಮೀನು ಹಿಡಿಯುವವರು ಹಗ್ಗ ಕಟ್ಟಿ ದೋಣಿಯನ್ನು ಎಳೆದುಕೊಂಡು ಬಂದರು. ದಡ ಯಾವ ಕಡೆಗಿದೆ ಎಂದು ತಿಳಿಯದೆ, ಹಾಯಿ ಇಳಿಸಿ, ದೋಣಿಗಳಿಗೆ ದಿಕ್ಕು ತಿಳಿಯಲೆಂದು ಬಾರಿಸುವ ಕಟ್ಟೆಯ ಗಂಟೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದನಂತೆ. "ಗಾಳಿ ಬಿದ್ದುಹೋಯ್ತು, ಅದಕ್ಕೇ ತಡ," ಎಂದ ಇಳಿದವನೇ. ಅವಳ ಕೂದಲು ಗಾಳಿಗೆ ಬಿಚ್ಚಿ ಬಾಯಿಗೆ, ಕಣ್ಣಿಗೆ ಹೊಡೆಯುತ್ತಿತ್ತು. "ಹೌದೌದು," ಎಂದಿದ್ದಳು ಅವಳು.

ಆಮೇಲೆ ಬಿರುಗಾಳಿ ಬಂತು. ದೋಣಿಯನ್ನು ಹಗ್ಗದಿಂದ ಕಟ್ಟೆಗೆ ಬಿಗಿಯುವುದಕ್ಕೆ ಅವನು ಬೇರೆ ಯಾರನ್ನೂ ಬಿಡಲಿಲ್ಲ. ಕಟ್ಟೆಯ ಕಲ್ಲಿನಲ್ಲಿ ಹಗ್ಗ ಕಟ್ಟುವ ಎರಡು ಕಬ್ಬಿಣದ ಬಳೆಗಳಿದ್ದವು. ಒಂದು ಹೊಸದು. ಇನ್ನೊಂದು ತುಕ್ಕು ತಿಂದು ಸೊರಗಿದ್ದು, ಅದಕ್ಕೆ ತೆಪ್ಪವನ್ನೂ ಯಾರೂ ಕಟ್ಟುತ್ತಿರಲಿಲ್ಲ. ಗಾಳಿ ನಿಂತ ಬೆಳಿಗ್ಗೆ ಮೊದಲು ಹೋದವಳು ಅವಳು. ದೋಣಿ ಕಲ್ಲಿಗೆ ಬಡಿದು ಬಡಿದು, ಎಡಮಗ್ಗುಲಲ್ಲಿ ಒಂದು ಕರು ನುಸುಳುವಷ್ಟು ಬಾಯಿ ತೆರೆದು ಬಿದ್ದಿತ್ತು. ಹಾಯಿ ಕಟ್ಟುವ ಕೂವೆಮರ ಬುಡಕ್ಕೇ ಮುರಿದಿತ್ತು. ಮೂತಿಯಿಂದ ಇಳಿಬಿದ್ದ ಹಗ್ಗವನ್ನು ಎಳೆದು ನೋಡಿದಳು. ಗಂಟು ಇಷ್ಟೂ ಸಡಿಲಾಗಿರಲಿಲ್ಲ. ಅದರೊಳಗೆ ಹಳೇ ಬಳೆ, ಕಲ್ಲಿನಿಂದ ಕಿತ್ತುಕೊಂಡು, ಹಾಗೇ ಬಂದಿತ್ತು.

ಆಮೇಲೆ ಬಂದ ಮೀನುಗಾರನೊಬ್ಬನ ಚೂರಿ ಇಸಕೊಂಡು ಗಂಟಿನ ಮೇಲುಗಡೆ ಕುಯ್ದು, ಬಳೆಯನ್ನು ಗಂಟಿನ ಸಮೇತ ನೀರಿಗೆ ಎಸೆದಳು. ಮನೆಗೆ ಬಂದು "ಹಗ್ಗ ಹರಿದುಹೋಯ್ತು ರೀ," ಎಂದಳು.

ಶೆಡ್ಡಿನ ಬಾಗಿಲಲ್ಲಿ ನೆರಳಾಡಿತು. ನಾದಿನಿ ಅಣ್ಣನ ತೋಳು ಹಿಡಿದುಕೊಂಡು ಬರುತ್ತಿದ್ದಳು. ಇಲ್ಲ, ಅಣ್ಣನೇ ತನ್ನನ್ನು ಕರೆತರುತ್ತಿದ್ದಾನೆ ಎಂಬಂತೆ ಅರ್ಧ ಹೆಜ್ಜೆ ಹಿಂದೆ.

"ಎಲ್ಲಿ ನಮ್ಮತ್ತಿಗೆಯ ಸವತಿ? ಜೀವ ಇದೆಯೋ ಹೋಯ್ತೋ?" ಎಂದಳು ನಾದಿನಿ.

ಅದು ಹಳೆಯ ಹಾಸ್ಯ. ಮದುವೆಯಾದ ಹೊಸದರಲ್ಲಿ ಗಂಡ ಅವಳನ್ನು ಈ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದ. ಕಟ್ಟೆ ದಾಟುವ ಮೊದಲೇ ಹೊಟ್ಟೆಯಲ್ಲಿದ್ದದ್ದೆಲ್ಲ ನೀರುಪಾಲಾಗಿ, ಬಾಯಿ ಮುಕ್ಕಳಿಸಲು ಅವನು ತಗಡಿನ ಲೋಟದಲ್ಲಿ ನೀರು ಕೊಟ್ಟು, ದೋಣಿ ತಿರುಗಿಸಿದ್ದ. "ಸವತಿ ನಿನ್ನನ್ನ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ ನೋಡು ಅತ್ತಿಗೆ," ಎಂದು ನಾದಿನಿ ಅಂದು ನಕ್ಕದ್ದು ಇಂದಿಗೂ ನಿಂತಿರಲಿಲ್ಲ. ಅವಳು ಮತ್ತೆ ಆ ದೋಣಿ ಹತ್ತಿರಲಿಲ್ಲ.

ಗಂಡ ಮೂಗೆತ್ತಿ ಗಾಳಿ ಎಳೆದುಕೊಂಡ. "ಡಾಂಬರು ಕಾಸ್ತಿದ್ದೀರಾ ಮೇಸ್ತ್ರಿ?"

"ಬೇರೆ ದೋಣಿಗೆ ಅಣ್ಣಾ."

"ಬೇರೆ ದೋಣಿಗೆ," ಎಂದು ಅವನು ಅದೇ ಮಾತನ್ನು ಮೆಲ್ಲಗೆ ಹೇಳಿಕೊಂಡ. ಕೈ ಚಾಚಿ ದೋಣಿಯ ಮೈ ಮುಟ್ಟಿದ. ಬೆರಳುಗಳು ಹಲಗೆಯಿಂದ ಹಲಗೆಗೆ ನಡೆದು, ಒಡೆದ ಬಾಯಿಗೆ ಬಂದು ಅಲ್ಲೇ ನಿಂತವು. ಹಸಿ ಸೀಳುಗಳನ್ನು ಒಂದೊಂದಾಗಿ ಸವರಿದ. ಪಕ್ಕೆಲುಬಿಗೆ ಸುತ್ತಿಕೊಂಡ ಪಾಚಿಯನ್ನು ಕಿತ್ತು ಕೆಳಗೆ ಹಾಕಿದ. ಒಳಗೆ ಕೈ ತೂರಿಸಿ ತಡಕಿದ. "ಲೋಟ ಇನ್ನೂ ಮೊಳೆಯಲ್ಲೇ ಇದೆ!" ಎಂದ, ಬೆರಗಿನಿಂದ.

"ಇಷ್ಟಕ್ಕೆಲ್ಲ ಯೋಚನೆ ಏನು?" ಎಂದಳು ನಾದಿನಿ. "ಅಪ್ಪ ಕಟ್ಟಿದ ದೋಣಿ. ರಿಪೇರಿ ಮಾಡಿಸೋದೇ ಸರಿ. ಏನಂತೀಯ ಅತ್ತಿಗೆ? ಏನು, ಸವತಿ ಸತ್ತಳು ಅಂತ ಸ್ವರ್ಗಕ್ಕೆ ಮೂರೇ ಗೇಣು ಉಳಿದಿದೆಯಾ ನಿಂಗೆ?"

ಎಂದಿನಂತೆ ನಕ್ಕು ಬಿಡಬಹುದಿತ್ತು. ಇವತ್ತು ಆಗಲಿಲ್ಲ.

"ನೀನು ಆ ಕಟ್ಟೆ ಮೇಲೆ ನಿಂತು ಕಾದಿದ್ದೀಯಾ? ಒಂದು ದಿನ? ಒಂದೇ ದಿನ?"

 ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. "ಎಲ್ಲರಿಗೂ ಟೀ ತರ್ತೀನಿ," ಎಂದು ಹೊರಟುಹೋದಳು.

ಗಂಡ ಏನೂ ಕೇಳಿಸದವನಂತೆ ದೋಣಿಯ ಮುಂಬದಿಗೆ ನಡೆದು, ಅಡಿಮರ ಮೇಲಕ್ಕೆ ಬಾಗಿ ಮೂತಿಯಾಗುವ ಕಡೆ ಎಡ ಅಂಗೈಯನ್ನು ಅಗಲವಾಗಿ ಒತ್ತಿ ನಿಂತ. ದೋಣಿ ಕಟ್ಟುವವರ ರೂಢಿ ಅದು. ಹಿಂಬದಿಯಲ್ಲಿ ಒಬ್ಬರು ಅಡಿಮರಕ್ಕೆ ಕೊಡತಿಯಿಂದ ಹೊಡೆಯಬೇಕು. ಮರ ಒಂದೇ ತುಂಡಾಗಿ ಗಟ್ಟಿಯಿದ್ದರೆ ಏಟು ಉದ್ದಕ್ಕೂ ಓಡಿಬಂದು ಮೂತಿಯಲ್ಲಿಟ್ಟ ಕೈಗೆ ಮುಟ್ಟುತ್ತದೆ. ನಡುವೆ ಎಲ್ಲಾದರೂ ಮುರಿದಿದ್ದರೆ ಏಟು ಅಲ್ಲೇ ಸಾಯುತ್ತದೆ. ಹೊಡೆಯುವಾಗ ಯಾರೂ ಮಾತಾಡಬಾರದು.

"ಹೊಡೀರಿ ಮೇಸ್ತ್ರಿ."

ಮೇಸ್ತ್ರಿ ಕೊಡತಿ ಎತ್ತಿಕೊಂಡು ದೋಣಿಯಡಿ ನುಗ್ಗಿದ. ಹೋಗುವಾಗ ಒಮ್ಮೆ ಅವಳ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಆತ ಅಡಿಮರದ ಪಕ್ಕ ಮಂಡಿಯೂರಿದ, ಕೊಡತಿ ಬೀಸಿದ. ಏಟು ಬಿದ್ದದ್ದು ಅಡಿಮರಕ್ಕಲ್ಲ, ಅದರ ಮಗ್ಗುಲಲ್ಲಿ ಮುರಿದು ಜೋತಾಡುತ್ತಿದ್ದ ಪಕ್ಕೆಲುಬಿಗೆ. ಡಬ್ ಎಂದಿತು, ಒದ್ದೆ ಮಣ್ಣಿಗೆ ಕಾಯಿ ಬಿದ್ದ ಹಾಗೆ.

ಗಂಡ ಕಾದ. "ಇನ್ನೊಂದ್ಸಲ."

ಡಬ್.

"ಕೈಗೆ ಬರಲಿಲ್ಲ," ಎಂದ ಅವನು.

"ಇಲ್ಲ ಅಣ್ಣಾ," ಎಂದ ಮೇಸ್ತ್ರಿ ದೋಣಿಯಡಿಯಿಂದಲೇ.

ಇಷ್ಟೇ. ಅವಳು ಬೇಡಿದ್ದು ಕೈಗೆ ಬಂದಾಗಿತ್ತು. ಇನ್ನು ಬೆಳಿಗ್ಗೆ ಏಳುವಾಗ ಮಗ್ಗುಲು ತಡವಿ ನೋಡಬೇಕಾಗಿಲ್ಲ. ಅವನು ಮನೆಯಲ್ಲೇ ಇರುತ್ತಾನೆ. ಕುರ್ಚಿಯಲ್ಲಿ ಕೂತಿರುತ್ತಾನೆ, ಅವಳು ಒಳಗೆ ಬಂದಾಗಲೆಲ್ಲ ಪುಟ ತಿರುಗಿಸುತ್ತಾನೆ. ಅವಳಿಗೆ ಎದೆ ಹಗುರಾಗಬೇಕಿತ್ತು. ಒಲೆಯ ಮೇಲೆ ಏನೋ ಇಟ್ಟು ಮರೆತು ಬಂದವಳ ಹಾಗೆ ಜೀವ ಚಡಪಡಿಸಿತು.

ಗಂಡ ಅಂಗೈ ತೆಗೆಯಲಿಲ್ಲ. ಅವನ ಇನ್ನೊಂದು ಕೈ ಸುಮ್ಮನೆ ತಡಕಾಡುತ್ತ ಮೂತಿಯಿಂದ ಇಳಿಬಿದ್ದ ಹಗ್ಗಕ್ಕೆ ತಾಗಿತು. ಹಗ್ಗದ ಗುಂಟ ಬೆರಳು ಇಳಿದು ತುದಿಗೆ ಬಂತು. ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಮತ್ತೆ ಉಜ್ಜಿದ.

"ಹರಿದ ಹಗ್ಗದ ತುದಿ ಜಡೆ ಬಿಚ್ಚಿದ ಹಾಗಿರುತ್ತೆ," ಎಂದ. "ಇದು ಬಾಚಿಕೊಂಡು ಕೂತಿದೆ. ಯಾರು ಕುಯ್ದದ್ದು?"

ಅವಳು ಅವನ ಬೆರಳುಗಳ ನಡುವಿನ ಆ ತುದಿಯನ್ನೇ ನೋಡಿದಳು.

"ನಾನು ಹಳೇ ಬಳೆಗೆ ಕಟ್ಟಿಬಿಟ್ಟಿದ್ದೆ, ಅಲ್ವಾ?"

"ಹೂಂ."

"ಬಳೆ ಎಲ್ಲಿ?"

"ನೀರಿಗೆ ಎಸೆದೆ."

ಡಾಂಬರಿನ ಡಬ್ಬ ಹೊರಗೆ ಕೊತಕೊತ ಎನ್ನುತ್ತಿತ್ತು. ಮೇಸ್ತ್ರಿ ದೋಣಿಯಡಿಯಿಂದ ತೆವಳಿ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗರಗಸದ ಪಕ್ಕ ನಿಂತ. ಆಮೇಲೆ, ಅದರಿಂದಲೂ ಎರಡು ಹೆಜ್ಜೆ ಆಚೆ ಸರಿದ.

"ನಂಗೆ ಕಾಣಲ್ಲ ಕಣೇ," ಎಂದ ಗಂಡ.

ಅವಳು ಎಷ್ಟೋ ಸಲ ಈ ಮಾತಿಗೆ ಕಾದಿದ್ದಳು. ಬಂದಾಗ ಅದು ಇಷ್ಟು ಸಣ್ಣಗೆ, ಸಂಜೆ ಅಂಗಡಿಯಿಂದ ಏನು ತರಲಿ ಎಂದು ಕೇಳುವ ದನಿಯಲ್ಲಿ ಬರುತ್ತದೆಂದು ಎಣಿಸಿರಲಿಲ್ಲ.

"ಮೇಸ್ತ್ರಿ ಎಲ್ಲಿಗೆ ಹೊಡೆದ್ರೋ ನಂಗೆ ಕಾಣಲ್ಲ. ಅವರನ್ನ ದೂರ್ತಿಲ್ಲ. ನೀನು ಹೋಗಿ ಹೊಡಿ. ನೀನು ಹೊಡೆದೂ ಏಟು ಬರಲಿಲ್ಲ ಅಂದ್ರೆ ಗರಗಸ ಹಾಕಿಸು. ನಾನು ಇನ್ನೊಂದು ಮಾತು ಕೇಳಲ್ಲ."

"ನಾನಾ?"

"ನೀನೇ."

ಕೊಡತಿ ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹಿಡಿ ಇನ್ನೂ ಮೇಸ್ತ್ರಿಯ ಕೈಬಿಸಿಯಿಂದ ಬೆಚ್ಚಗಿತ್ತು. ಅವಳು ಕೂತು, ಮಂಡಿಯೂರಿ, ದೋಣಿಯ ಕೆಳಗೆ ಹಿಂಬದಿಯ ತನಕ ತೆವಳಿದಳು. ಅಲ್ಲಿಂದ ಅವಳಿಗೆ ಗಂಡನ ಪಾದಗಳಷ್ಟೇ ಕಾಣುತ್ತಿದ್ದವು. ಮರದ ಹುಡಿಯಲ್ಲಿ ಹೂತ ಬರಿಗಾಲು. ಚಪ್ಪಲಿಯನ್ನು ಎಲ್ಲಿ ಬಿಟ್ಟಿದ್ದನೋ, ಹುಡುಕುವಾಗ ಮತ್ತೆ ತಡಕಾಡುತ್ತಾನೆ.

ಎದುರಿಗೆ ಅಡಿಮರ. ಕಪ್ಪಾಗಿ, ಉದ್ದಕ್ಕೆ, ಒಂದೇ ಒಂದು ಮರ. ಅದರ ಮಗ್ಗುಲಲ್ಲೇ, ಒಂದು ಗೇಣಿನ ಅಂತರದಲ್ಲಿ, ಜೋತುಬಿದ್ದ ಪಕ್ಕೆಲುಬು. ಇದಕ್ಕೆ ಹೊಡೆದರೂ ಸದ್ದು, ಅದಕ್ಕೆ ಹೊಡೆದರೂ ಸದ್ದು. ಅವನು ನಂಬುತ್ತಾನೆ. ನಂಬುತ್ತಾನೆಂದೇ ಕೊಡತಿ ಇನ್ನಷ್ಟು ಭಾರವಾಯಿತು.

ಕಟ್ಟೆಯ ಮೇಲಿನ ಆ ಬೆಳಿಗ್ಗೆ ಕಣ್ಣೆದುರು ಬಂತು. ಆ ಗಂಟೆಯ ಸದ್ದು. ಅದನ್ನೇ ನೆಚ್ಚಿಕೊಂಡು, ಹಾಯಿ ಇಳಿಸಿ, ನೀರಿನ ನಡುವೆ ಕೂತವನ ಬೆನ್ನು. ಅವನು ಅಲ್ಲಿ, ತಾನು ಇಲ್ಲಿ. ಇಬ್ಬರಿಗೂ ಏನೂ ಕಾಣದೆ.

"ರೀ," ಎಂದಳು ದೋಣಿಯ ಕೆಳಗಿನಿಂದ.

"ಹೊಡೆಯುವಾಗ ಮಾತಾಡಬಾರದು."

"ಇನ್ನೂ ಹೊಡೆದಿಲ್ಲ. ಹಗ್ಗ ನನ್ನ ಹತ್ರ ಇರುತ್ತೆ. ಕಟ್ಟೋಳು ನಾನು, ಬಿಚ್ಚೋಳೂ ನಾನು. ನಾನು ಹತ್ತದೆ ದೋಣಿ ನೀರಿಗಿಳಿಯೋ ಹಾಗಿಲ್ಲ."

ಪಾದಗಳು ಅಲುಗಲಿಲ್ಲ.

"ನಿಂಗೆ ವಾಂತಿ ಬರುತ್ತಲ್ಲೇ."

"ಬರಲಿ. ಸಮುದ್ರಕ್ಕೇನು ಜಾಗ ಕಮ್ಮಿಯಾ?"

ಮೇಸ್ತ್ರಿ ಎಲ್ಲೋ ಮೂಲೆಯಲ್ಲಿ ಕೆಮ್ಮಿದ. ಬಾಗಿಲ ಹತ್ತಿರ ಟೀ ಲೋಟಗಳು ಒಂದಕ್ಕೊಂದು ತಾಗಿದ ಸದ್ದು ಬಂದು, ಅಲ್ಲೇ ನಿಂತಿತು. ಗಂಡನ ಹಿಮ್ಮಡಿಗಳು ಮೆಲ್ಲಗೆ ನೆಲ ಬಿಟ್ಟು ಮೇಲೆದ್ದವು. ಮೂತಿಗೆ ಮೈಯೆಲ್ಲ ಆತುಕೊಂಡು ತುದಿಗಾಲಲ್ಲಿ ನಿಂತ.

ಅವಳು ಎರಡೂ ಕೈಯಲ್ಲಿ ಕೊಡತಿ ಹಿಡಿದು ಅಡಿಮರಕ್ಕೇ ಹೊಡೆದಳು.

ಏಟು ಮೊದಲು ಅವಳ ಮೊಣಕೈಗೆ ಬಂತು, ಆಮೇಲೆ ಮರದೊಳಗೆ ಹೊಕ್ಕು ಮುಂದೆ ಹೋಯಿತು. ಅವಳು ಕೊಡತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು. ಮರದ ಹುಡಿಯಲ್ಲಿ ಹೂತ ಅವನ ಹತ್ತು ಕಾಲ್ಬೆರಳುಗಳು ಒಮ್ಮೆ ಮಡಚಿ, ಬಿಚ್ಚಿಕೊಂಡವು. ತಲೆಯ ಮೇಲೆ, ಒಡೆದ ಹಲಗೆಗಳ ಒಳಗೆಲ್ಲೋ, ಮೊಳೆಗೆ ತೂಗುಬಿದ್ದ ತಗಡಿನ ಲೋಟ ಸಣ್ಣಗೆ ಕಿಣಿಗುಟ್ಟುತ್ತಲೇ ಇತ್ತು.