ಅಕ್ಕನ ಮಂಡಿ

ನಮ್ಮ ಲಾಂಡ್ರಿಯಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ನನ್ನ ಅಕ್ಕನ ಮಂಡಿಯನ್ನು ವಿಚಾರಿಸುವುದಾಗಿತ್ತು. ನಗಬೇಡಿ, ನಾಲ್ಕು ವರ್ಷ ಹೀಗೇ ನಡೆಯಿತು. ಎಂಟು ಗಂಟೆಗೆ ಲಾಡ್ಜಿನ ಬೆಡ್‌ಶೀಟುಗಳು ಮಷಿನ್ನಿನಿಂದ ಹೊರಬರುವ ಹೊತ್ತಿಗೆ ಯಜಮಾನರು ಚಾಕ್‌ಪೀಸ್ ಹಿಡಿದು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದರು. ಅಲ್ಲಿ ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಬರೆಯುವ ಮಾತು ಎರಡೇ: ‘ಮೇಲೆ’ ಅಥವಾ ‘ಒಳಗೆ’. ಮೇಲೆ ಅಂದರೆ ತಾರಸಿ, ನಲವತ್ತೆರಡು ಮೆಟ್ಟಿಲು, ಒದ್ದೆ ಬಟ್ಟೆಯ ಆರು ಬುಟ್ಟಿ. ಒಳಗೆ ಅಂದರೆ ಹಿಂದಿನ ದೊಡ್ಡ ಕೋಣೆ, ಹಗ್ಗ, ಫ್ಯಾನು. ಒಳಗೆ ಒಣಗುವುದು ಸಂಜೆಯಾದರೂ ಮುಗಿಯುವುದಿಲ್ಲ, ಮುಗ್ಗಲು ವಾಸನೆ ಬೇರೆ.

ಹತ್ತುವುದು, ಹರವುವುದು, ತೆಗೆದು ತರುವುದು ಅಕ್ಕನ ಪಾಲಿಗೆ. ಇಸ್ತ್ರಿ ನನ್ನ ಪಾಲಿಗೆ. ಬಟ್ಟೆ ಒಣಗದೆ ಇಸ್ತ್ರಿ ಇಲ್ಲವಲ್ಲ, ಹಾಗಾಗಿ ಹನ್ನೊಂದರವರೆಗೆ ನಾನು ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಪೇಪರ್ ಓದುತ್ತಿದ್ದೆ. ಅದು ನನ್ನ ಹಕ್ಕು ಎಂದೇ ತಿಳಿದಿದ್ದೆ.

ಅಕ್ಕನಿಗೆ ಸಂಧಿವಾತ ಹಿಡಿದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಮಳೆ ಬರುವ ಮುಂಚೆ ಮಂಡಿ ಯಾಕೆ ಹಿಂಡುತ್ತದೆ ಎಂದು ಅವಳು ಕೇಳಿದಳು. ಹೊರಗೆ ಗಾಳಿಯ ಒತ್ತಡ ಇಳಿದು ತೇವ ಏರಿದಾಗ ಕೆಲವರ ಕೀಲುಗಳಿಗೆ ಅದು ತಿಳಿಯುತ್ತದೆ, ಎಲ್ಲರಿಗೂ ಹಾಗಾಗುವುದಿಲ್ಲ, ಇದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ ಎಂದರು ಅವರು. ಆಮೇಲೆ ಸುಸ್ತಿನ ಬಗ್ಗೆಯೂ ಏನೋ ಹೇಳಿದರು. ನಾನು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿದ್ದೆ.

ಮರುದಿನ ಲಾಂಡ್ರಿಗೆ ಬಂದು ನಾನು ಡಂಗುರ ಸಾರಿದೆ: ನಮ್ಮಕ್ಕನ ಮಂಡಿಗೆ ಮಳೆ ಮೊದಲೇ ಗೊತ್ತಾಗುತ್ತೆ, ಡಾಕ್ಟರೇ ಹೇಳಿದ್ದಾರೆ. ಅದೇ ವಾರ ಎರಡು ಸಲ ಅವಳ ಮಾತು ನಿಜವಾಯಿತು. ಬಿಸಿಲು ಸುಡುತ್ತಿರುವಾಗಲೇ ಅವಳು ‘ಒಳಗೆ’ ಎಂದಳು, ಮಧ್ಯಾಹ್ನ ಆಕಾಶವೇ ಕಳಚಿ ಬಿತ್ತು. ಪಕ್ಕದ ಲಾಂಡ್ರಿಯವರು ತಾರಸಿಯಲ್ಲಿ ಎದ್ದು ಬಿದ್ದು ಓಡಾಡುವುದನ್ನು ನಾವು ಕಿಟಕಿಯಿಂದ ನೋಡಿ ನಕ್ಕೆವು. ಅಂದಿನಿಂದ ಅವಳ ಹೆಸರು ‘ಹವಾಮಾನ’ ಎಂದಾಯಿತು. ಯಜಮಾನರು ದಿನಾ ಕೇಳುವರು, ಏನಮ್ಮಾ, ಮಂಡಿ ಏನನ್ನುತ್ತೆ? ಅವಳು ಎಡಗೈಯಿಂದ ಮಂಡಿ ಒತ್ತಿ ನೋಡಿ ತೀರ್ಪು ಕೊಡುವಳು. ನಾನಂತೂ ಆ ಮಂಡಿ ನನ್ನದೇ ಎನ್ನುವಂತೆ ಬೀಗುತ್ತಿದ್ದೆ.

ನನಗೆ ಕಾಣದೇ ಹೋದದ್ದು ಮಳೆ ನಿಂತ ಮೇಲಿನ ದಿನಗಳು. ಮೋಡ ಕಟ್ಟುವಾಗ ನೋವು, ಎರಡು ರಾತ್ರಿ ನಿದ್ದೆ ಇಲ್ಲ. ಮಳೆ ಹೊಯ್ದು ಹೋದರೆ ನೋವು ಇಳಿಯುತ್ತಿತ್ತು, ಆದರೆ ಅವಳ ಮೈಯಲ್ಲಿ ಒಂದು ಹನಿ ಶಕ್ತಿ ಉಳಿಯುತ್ತಿರಲಿಲ್ಲ. ಅಂಥ ದಿನವೇ ಬಿಸಿಲು ಫಳಫಳ ಎನ್ನುತ್ತಿತ್ತು, ಹಲಗೆಯ ಮೇಲೆ ‘ಮೇಲೆ’ ಎಂದು ಬೀಳುತ್ತಿತ್ತು. ಒಮ್ಮೆ ಅಂಥ ದಿನ ಅವಳು ನನ್ನ ಹತ್ತಿರ ಬಂದು, ಇವತ್ತು ಕೈಕಾಲು ನನ್ನದಲ್ಲ ಅನಿಸ್ತಿದೆ ಕಣೋ ಎಂದಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ, ಸುಸ್ತು ಯಾರಿಗಿಲ್ಲಕ್ಕಾ ಎಂದಿದ್ದೆ. ಅವಳು ಬುಟ್ಟಿ ಎತ್ತಿಕೊಂಡು ಹತ್ತಿದಳು. ನಾನು ಪುಟ ತಿರುವಿದೆ.

ಈ ವರ್ಷ ಮಂಡಿಯ ಮಾತು ತಪ್ಪಲು ಶುರುವಾಯಿತು. ಅವಳು ‘ಒಳಗೆ’ ಎಂದ ದಿನ ಸಂಜೆಯವರೆಗೂ ಒಂದು ಚೂರು ಮೋಡ ಇಲ್ಲ. ಒಂದೇ ತಿಂಗಳಲ್ಲಿ ಮೂರು ಸಲ ಹೀಗಾಯಿತು. ಬೆಡ್‌ಶೀಟುಗಳು ತಡವಾಗಿ ಹೋದವು, ಲಾಡ್ಜಿನವರು ಯಜಮಾನರ ಮೇಲೆ ಹಾರಾಡಿದರು. ಯಜಮಾನರು ಕೆಟ್ಟವರಲ್ಲ, ಆದರೆ ಬೈಸಿಕೊಂಡು ಬಂದ ಮನುಷ್ಯ ಯಾರನ್ನಾದರೂ ಬೈಯಲೇಬೇಕು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, “ನೋಡಪ್ಪಾ, ಇನ್ನೊಂದ್ಸಲ ತಪ್ಪಿದ್ರೆ ಮೆಟ್ಟಿಲು ಹತ್ತೋಕೆ ಬೇರೆಯವರನ್ನ ನೋಡ್ಕೋತೀನಿ. ನಿಮ್ಮಕ್ಕನಿಗೆ ನೀನೇ ಹೇಳು.”

ಹೇಳಿದೆ. ಮೆತ್ತಗೆ ಹೇಳಲಿಲ್ಲ, ರೇಗಿದೆ. ಗಂಡ ತೀರಿಕೊಂಡವಳು, ಮಗಳ ಓದು ಇನ್ನೂ ಎರಡು ವರ್ಷ ಬಾಕಿ ಇದೆ, ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಎಲ್ಲಿ ಸಿಗುತ್ತದೆ, ಸರಿಯಾಗಿ ನೋಡಿ ಹೇಳೋಕೇನು ಧಾಡಿ ಎಂದೆಲ್ಲ ಕೂಗಾಡಿದೆ. ಅವಳು ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಬಿಡಿಸುತ್ತಾ ಕೂತಿದ್ದಳು. ಸರಿ, ಇನ್ನು ತಪ್ಪಲ್ಲ ಎಂದಳು.

ಎಂಟು ದಿನ ಕಳೆಯಿತು. ಎರಡು ದಿನ ಜಡಿದ ಮಳೆ ಹಿಂದಿನ ರಾತ್ರಿಯಷ್ಟೇ ಬಿಟ್ಟಿತ್ತು. ಬೆಳಿಗ್ಗೆ ಯಜಮಾನರು ಕೇಳುವ ಮೊದಲೇ ಅಕ್ಕ ‘ಒಳಗೆ’ ಎಂದಳು. ಮಂಡಿಯನ್ನು ಒತ್ತಿ ನೋಡಲೇ ಇಲ್ಲ. ಅದನ್ನು ಗಮನಿಸಿದವನು ನಾನೊಬ್ಬನೇ. ಯಜಮಾನರು ಮೊಬೈಲು ತೆಗೆದು ಅವಳ ಮುಖದ ಮುಂದೆ ಹಿಡಿದರು. ಮೂರು ದಿನ ಬಿಸಿಲು ಎಂದು ಅದರಲ್ಲಿ ಹಳದಿ ಚಿತ್ರ ಇತ್ತು. ಹಲಗೆಯ ಮೇಲೆ ‘ಮೇಲೆ’ ಎಂದು ಬರೆದು ಹೋದರು.

ನಾನು ಚಹಾ ತರಿಸಿಕೊಂಡು ಸ್ಟೂಲಿನ ಮೇಲೆ ಕೂತೆ. ಎರಡು ಗುಟುಕು ಕುಡಿದಿರಬೇಕು, ಮೆಟ್ಟಿಲಲ್ಲಿ ದಬ್ ಎಂದು ಸದ್ದಾಯಿತು.

ಓಡಿ ಹೋಗಿ ನೋಡಿದರೆ ಅಕ್ಕ ನಡುವಿನ ತಿರುವಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬುಟ್ಟಿ ನಾಲ್ಕು ಮೆಟ್ಟಿಲು ಕೆಳಗೆ ಮಗುಚಿಕೊಂಡಿತ್ತು. ಬಿದ್ದೆಯಾ ಎಂದೆ. ಇಲ್ಲ, ಕೂತೆ ಎಂದಳು. ಮಂಡಿ ನೋವಾ ಎಂದೆ. ಅದಕ್ಕೂ ಇಲ್ಲವೆಂದಳು. ನನಗೆ ಮೈಯೆಲ್ಲ ಉರಿಯಿತು. ನೋವಿಲ್ಲದ ಮೇಲೆ ಮಳೆ ಅಂತ ಯಾಕೆ ಹೇಳಿದೆ, ಅವತ್ತು ಅಷ್ಟು ಬಡ್ಕೊಂಡೆನಲ್ಲ ಎಂದು ಸಿಡುಕಿದೆ.

“ಸುಸ್ತು ಅಂದಾಗ ನೀನೇ ಕೇಳಲಿಲ್ಲ,” ಎಂದಳು ಅಕ್ಕ. ದನಿ ಏರಿಸಲೂ ಇಲ್ಲ. “ಮಳೆ ಅಂದ್ರೆ ಎಲ್ಲರೂ ಕೇಳ್ತೀರ. ಅದಕ್ಕೇ ಮಳೆ ಅಂದೆ.”

ನನಗೆ ಆಗ ಆ ಡಾಕ್ಟರ ಕೋಣೆ ನೆನಪಾಯಿತು. ಈ ಕಾಯಿಲೆಯಲ್ಲಿ ಸುಸ್ತೂ ಕಾಯಿಲೆಯೇ, ಸೋಮಾರಿತನ ಅಂತ ಮನೆಯವರು ತಿಳಿಯಬಾರದು ಎಂದು ಅವರು ಹೇಳಿದ್ದು ನನ್ನನ್ನು ನೋಡಿಯೇ. ನಾನು ಊರಿಗೆಲ್ಲ ಹಂಚಿದ್ದು ಅದರ ಹಿಂದಿನ ವಾಕ್ಯ ಮಾತ್ರ. ನನಗೆ ನಾಚಿಕೆಯಾಯಿತು.

ಸದ್ದು ಕೇಳಿ ಯಜಮಾನರೂ ಬಂದರು. ಮಗುಚಿದ ಬುಟ್ಟಿಯನ್ನು ಒಮ್ಮೆ ನೋಡಿದರು, ಮೆಟ್ಟಿಲಿನ ಪುಟ್ಟ ಕಿಟಕಿಯಿಂದ ಬೀಳುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, “ಮಳೆ ಬರಲ್ಲ ಸಾರ್. ಹೋದ ತಿಂಗಳು ಮೂರು ಸಲನೂ ಬರಲ್ಲ ಅಂತ ಗೊತ್ತಿತ್ತು. ನನಗೆ ಹತ್ತೋಕಾಗ್ಲಿಲ್ಲ, ಅಷ್ಟೆ.”

ಯಜಮಾನರ ಕೈಯಲ್ಲಿ ಚಾಕ್‌ಪೀಸ್ ಹಾಗೇ ಇತ್ತು. ನಾನು ಬಗ್ಗಿ ಬೆಡ್‌ಶೀಟುಗಳನ್ನು ಬುಟ್ಟಿಗೆ ತುಂಬತೊಡಗಿದೆ. ಇಂಥ ದಿನ ಬುಟ್ಟಿಗಳನ್ನು ನಾನೇ ಹೊರುತ್ತೇನೆ, ಅಕ್ಕ ಕೆಳಗೆ ಕೂತು ಮಡಚಲಿ, ಒಣಗುವ ತನಕ ನನಗೂ ಬೇರೆ ಕೆಲಸವಿಲ್ಲ ಎಂದೆ.

ಯಾರು ಹತ್ತಿದರೂ ತನಗೆ ಒಂದೇ, ಲಾಡ್ಜಿಗೆ ಹೊತ್ತಿಗೆ ಸರಿಯಾಗಿ ಹೋದರೆ ಸಾಕು ಎಂದರು ಯಜಮಾನರು. ಇಳಿಯಲು ತಿರುಗಿದವರು ನಿಂತರು.

“ಹೌದು, ಇದನ್ನ ನಾಲ್ಕು ವರ್ಷದಿಂದ ಯಾಕೆ ಮಾಡ್ಲಿಲ್ಲ ನೀನು?”

ಅಕ್ಕ ನನ್ನ ಮುಖ ನೋಡಿದಳು. ಅವಳಿಗೂ ಉತ್ತರ ಬೇಕಿತ್ತೋ ಏನೋ. ನಾನು ಬುಟ್ಟಿ ಎತ್ತಿಕೊಂಡು ಹತ್ತಿದೆ. ಒದ್ದೆ ಬಟ್ಟೆ ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ನನ್ನ ಕೈಗೆ ಬರುತ್ತಿದ್ದದ್ದು ಯಾವಾಗಲೂ ಒಣಗಿದ ಬಟ್ಟೆ. ಮೂವತ್ತನೆಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿ ಏದುಸಿರು ಬಿಟ್ಟೆ. ನನ್ನ ಮಂಡಿಗಳು ಗಟ್ಟಿಮುಟ್ಟಾಗಿವೆ. ಹೀಗೆ ಐದು ಸಲ ಇಳಿದು ಮತ್ತೆ ಹತ್ತಿದೆ.

ಆರನೆಯ ಬುಟ್ಟಿ ಹರವಿ ಕೆಳಗೆ ಬಂದಾಗ ಅಕ್ಕ ನನ್ನ ಸ್ಟೂಲಿನ ಮೇಲೆ ಕೂತು ನಿನ್ನೆಯ ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ಪಕ್ಕದಲ್ಲಿ ನನ್ನ ಚಹಾ ಲೋಟ ಖಾಲಿಯಾಗಿತ್ತು.

“ತಣ್ಣಗಾಗಿತ್ತು,” ಎಂದಳು. “ಇನ್ನೊಂದು ತಗೊಂಡು ಬಾ.”

ನಾನು ಲೋಟ ತೆಗೆದುಕೊಂಡು ಹೋದೆ.