ಹುಳಕ್ಕಿಟ್ಟ ಸಾಲು

ಮಯೂರಿ ಭತ್ತದ ತಳಿ ಬೆಳೆಸುವ ಕೆಲಸ ಹಿಡಿದಾಗಿನಿಂದ ಬೆಳಗಾವಿಯ ಆ ಜೈನರ ಮನೆಯಲ್ಲಿ ಒಂದು ಜಗಳ ಮುಗಿದೇ ಇಲ್ಲ. ಅಜ್ಜಿ ಸೋನಾಬಾಯಿ ಇರುವೆ ಕಂಡರೂ ಕಾಲೆತ್ತಿ ದಾಟುವವಳು. ಮೊಮ್ಮಗಳು ಔಷಧ ಹೊಡೆಯುವುದಿಲ್ಲ, ದಂಟಿನ ರಸ ಹೀರುವ ಜಿಗಿಹುಳಕ್ಕೆ ರುಚಿಸದ ಭತ್ತವನ್ನೇ ಹುಟ್ಟಿಸುತ್ತಾಳೆ ಎಂದು ಕೇಳಿ ಮೊದಲು ಹಿಗ್ಗಿದ್ದಳು. ಆಮೇಲೆ ಯೋಚನೆ ಹತ್ತಿತು.

"ಖರೇ, ನೀ ಕೊಲ್ಲಂಗಿಲ್ಲ. ಆದ್ರ ರುಚಿ ಹತ್ತಲಿಲ್ಲಂದ್ರ ಅವು ಏನು ತಿನ್ನಬೇಕು? ಉಪವಾಸ ಕೆಡವೂದೂ ಪಾಪನ ಐತಿ."

ಈ ವಾದವನ್ನು ಮಯೂರಿ ಪ್ರತಿ ಸಲ ನಾಳೆಗೆ ದೂಡುತ್ತಿದ್ದಳು. ಇವತ್ತಂತೂ ಕೂತು ವಾದಿಸುವ ವ್ಯವಧಾನವೂ ಇರಲಿಲ್ಲ. ಅವಳ ತಳಿಯನ್ನು ನೋಡಲು ಹಿರಿಯ ವಿಜ್ಞಾನಿ ಗುರುಪುತ್ರಪ್ಪ ಬರುವವರಿದ್ದರು. ಅವರು ಹೂಂ ಅಂದರೆ ಮುಂದಿನ ಮಳೆಗಾಲಕ್ಕೆ ಬೀಜ ಊರೂರಿನ ರೈತರ ಗದ್ದೆಗೆ ಹೋಗುತ್ತದೆ. ಊಂಹೂಂ ಅಂದರೆ ಇಷ್ಟು ವರ್ಷದ ದುಡಿಮೆ ಡಬ್ಬಿ ಸೇರಿ ಕಪಾಟಿನಲ್ಲಿ ಕೂರುತ್ತದೆ. ಆ ಯೋಚನೆಯಲ್ಲಿ ಅವಲಕ್ಕಿ ತಿನ್ನುವುದು ಎಲ್ಲಿ ಬಂತು? ತಟ್ಟೆಯನ್ನು ಹಾಗೇ ಬಿಟ್ಟು ಜೀಪು ಹತ್ತಿದಳು.

ಪರೀಕ್ಷೆಯ ಗದ್ದೆ ಇದ್ದದ್ದು ಖಾನಾಪುರದಾಚೆ ಗುಂಜಿಯಲ್ಲಿ, ಸಿದರಾಯ ಮತ್ತು ಅವನ ಹೆಂಡತಿ ಸತ್ಯವ್ವನ ಹೊಲದ ಮೂಲೆಯಲ್ಲಿ. ಅಲ್ಲಿ ಮಯೂರಿ ತನ್ನ ತಳಿಯ ನಡುವೆ ಹುಳಕ್ಕೆ ಬಲು ಇಷ್ಟವಾದ ಹಳೆಯ ತಳಿಯದೂ ಒಂದು ಸಾಲು ಹಾಕಿಸಿದ್ದಳು. ಆ ಸಾಲು ಹುಳಕ್ಕೇ ಮೀಸಲು. ಅದು ಸುಟ್ಟಂತೆ ಒಣಗಿ, ಪಕ್ಕದ್ದು ಹಸಿರಾಗಿ ನಿಂತರೆ ತಾನೇ ಹೊಸ ತಳಿ ಗಟ್ಟಿ ಎಂದು ಗೊತ್ತಾಗುವುದು? ಹಿಂದಿನ ಸಲ ಬಂದಾಗ ಅದು ಒಣಗಿದ್ದನ್ನು ಕಂಡು ಮಯೂರಿ ಬದುವಿನ ಮೇಲೇ ಕುಣಿದಾಡಿದ್ದಳು. ಪೈರು ಸತ್ತರೆ ಕುಣಿಯುವ ಹುಡುಗಿಯನ್ನು ಸತ್ಯವ್ವ ಬಾಯಿ ಬಿಟ್ಟು ನೋಡಿದ್ದಳು.

ಇವತ್ತು ಗುರುಪುತ್ರಪ್ಪನವರ ಜೊತೆ ಬದುವಿಗೆ ಕಾಲಿಟ್ಟ ಮಯೂರಿ ದಂಗಾದಳು. ಬದುವನ್ನು ಸಗಣಿಯಿಂದ ಸಾರಿಸಿದ್ದರು. ಮೇಲೆ ರಂಗೋಲಿ ಬೇರೆ! ಗದ್ದೆಯಲ್ಲಿ ಒಣಗಿದ ಸಾಲೇ ಇರಲಿಲ್ಲ.

"ಬರ್ರಿ ಸಾಹೇಬ್ರ, ಬರ್ರಿ!" ಎಂದು ಸತ್ಯವ್ವ ಸೆರಗು ಸರಿಮಾಡಿಕೊಳ್ಳುತ್ತ ಎದುರು ಬಂದಳು.

"ಕಾಕು, ಒಣಗಿದ ಸಾಲು ಎಲ್ಲಿ?" ಸತ್ಯವ್ವನನ್ನು ಚಿಕ್ಕಮ್ಮನಂತೆ ಕಾಕು ಎಂದೇ ಕರೆಯುತ್ತಿದ್ದ ಮಯೂರಿ ಗದ್ದೆಯತ್ತ ಕೈ ತೋರಿಸಿ ಕೇಳಿದಳು.

"ಹೋದ ವಾರನ ಕಿತ್ತು ತಿಪ್ಪಿಗೆ ಒಗದೆರಿ. ದೊಡ್ಡ ಮಂದಿ ಬರೂ ಮುಂದ ಸತ್ತ ಪೈರು ತೋರಸ್ತಾರೇನು? ನಮ್ಮ ಗದ್ದ್ಯಾನ ಚಲೋ ಚಲೋ ಬುಡ ಮಣ್ಣ ಸಮೇತ ತಂದು ನೆಟ್ಟೇನಿ."

ಸಿದರಾಯ ಹಣೆ ಚಚ್ಚಿಕೊಂಡ. "ಮುಟ್ಟಬ್ಯಾಡ ಅಂತ ಬಡಕೊಂಡೆರಿ, ಕೇಳಬೇಕಲ್ಲ?"

"ಮನಿ ಮರ್ಯಾದಿ ನಿಮಗೇನು ತಿಳೀತೈತಿ?" ಎಂದು ಸತ್ಯವ್ವ ಗಂಡನನ್ನೇ ಗದರಿದಳು.

ಸತ್ತ ಬುಡದ ಜಾಗಕ್ಕೆ ಜೀವದ ಬುಡ ಇಡುವುದು ಅವಳ ಕೈ ಹುಟ್ಟಾ ಕಲಿತ ಕೆಲಸ. ಅದರ ಮೇಲೆ ಅತಿಥಿಗಳು ಬರುವ ಸಡಗರ. ಯಾರನ್ನು ಬೈಯುವುದು? ಮಯೂರಿಗೆ ಅಳುವೇ ಬಂತು.

ಗುರುಪುತ್ರಪ್ಪ ಕನ್ನಡಕ ಏರಿಸಿದರು. "ಪೈರೇನೋ ಚಲೋ ಐತಿ ತಂಗಿ. ಆದ್ರ ಹುಳ ಬಂದಿತ್ತು ಅನ್ನೂದಕ್ಕ ಗುರುತೇನು? ಕಳ್ಳ ಬರದ ಮನಿ ಕೀಲಿ ಗಟ್ಟಿ ಐತಿ ಅಂತ ನಾ ಹೆಂಗ ಹೇಳಲಿ?"

ಮಾತು ಖರೇ ಇತ್ತು. ಅವರು ಹೊರಡಲು ತಿರುಗುವಷ್ಟರಲ್ಲಿ ಸತ್ಯವ್ವ ತಾನು ನೆಟ್ಟ ಪೈರನ್ನೇ ಬೈಯತೊಡಗಿದಳು. "ಇದರ ಹೆಣಾ ಎತ್ತಲಿ! ಮೊನ್ನಿ ಹಸರಗೆ ಇದ್ವು, ಈಗ ನೋಡಿದ್ರ ಹಳದಿ ತಿರಗ್ಯಾವ. ಮಂದಿ ಮುಂದ ಮಾನ ಕಳದ್ವು!"

ಹಳದಿಯೇ? ಮಯೂರಿ ಚಪ್ಪಲಿ ಸಮೇತ ಕೆಸರಿಗಿಳಿದು ಆ ಬುಡವೊಂದನ್ನು ಬಿಡಿಸಿದಳು. ಬಾಣಲೆಯ ಸಾಸಿವೆಯಂತೆ ಕಂದು ಹುಳಗಳು ಸಿಡಿದವು. ಒಂದಿಷ್ಟು ಬದುವಿನಲ್ಲಿದ್ದ ಗುರುಪುತ್ರಪ್ಪನವರ ಬಿಳಿ ಅಂಗಿಯನ್ನೇ ಹತ್ತಿದವು. ಪಕ್ಕದ ತನ್ನ ತಳಿಯ ಬುಡ ಬಿಡಿಸಿದಳು. ಅಲ್ಲಿ ಹುಳ ಒಂದೋ ಎರಡೋ, ದಂಟು ಹಸಿರೋ ಹಸಿರು.

"ಸರ್, ನೋಡ್ರಿ! ಹಳೇ ಸಾಲು ಕಿತ್ತ ಮ್ಯಾಲ ಹುಳ ಬಾಜೂಕ ಇದ್ದ ನನ್ನ ತಳಿಗೆ ಬರಬೇಕಾಗಿತ್ತು. ಅದನ್ನ ಬಿಟ್ಟು ಕಾಕು ನೆಟ್ಟದ್ದಕ್ಕ ಮುಕರ್ಯಾವ!"

ಗುರುಪುತ್ರಪ್ಪ ಪ್ಯಾಂಟು ಮಡಚಿ ತಾವೂ ಇಳಿದರು. ಅಲ್ಲೊಂದು ಇಲ್ಲೊಂದು ಬುಡ ಬಿಡಿಸಿ ನೋಡಿದರು. ಎಲ್ಲ ಕಡೆ ಅದೇ ಕತೆ. ಅಂಗಿ ಕೊಡವುತ್ತ ಜೋರಾಗಿ ನಕ್ಕರು.

"ನಾವು ಒಂದ ಪರೀಕ್ಷಾ ಇಟ್ಟಿದ್ವಿ, ಈ ತಾಯಿ ಇನ್ನೊಂದು ಇಟ್ಟಾಳ. ಪಾಸಾತು ಬಿಡು. ಬೀಜ ತಯಾರ ಮಾಡು ತಂಗಿ."

ಮಯೂರಿ ಕೆಸರುಗೈಯಲ್ಲೇ ಸತ್ಯವ್ವನನ್ನು ತಬ್ಬಿಕೊಂಡಳು. "ಮುಂದಿನ ವರ್ಷ ಮಾತ್ರ ಸತ್ತ ಸಾಲು ಮುಟ್ಟಬ್ಯಾಡ್ರಿ, ಕಾಕು."

"ಹಂಗಾರ ನನ್ನ ಕಣ್ಣಿಗೆ ಬಟ್ಟಿ ಕಟ್ಟಿ ಹೋಗ್ರಿ," ಎಂದಳು ಸತ್ಯವ್ವ.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಮಯೂರಿ ಮನೆ ಮುಟ್ಟಿದಳು. ಸೋನಾಬಾಯಿ ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಕತೆಯನ್ನೆಲ್ಲ ಕೇಳಿ ಮುಖ ಅರಳಿಸಿದಳು.

"ಅಂದ್ರ, ಹುಳದ ಊಟ ಕಿತ್ತಾಕಿನ ಮತ್ತ ಹೊಸಾದು ಬಡಿಸ್ಯಾಳ?"

"ಹೂಂ ಅಜ್ಜಿ. ಹೊಟ್ಟಿ ತುಂಬ ತಿಂದಾವ."

"ಪುಣ್ಯಾತಗಿತ್ತಿ! ಹಂಗಾರ ಇವತ್ತು ಉಪವಾಸ ಉಳದಾಕಿ ನೀ ಒಬ್ಬಾಕಿನ. ಕೈ ತೊಳಕೊಂಡು ಬಾ, ಹೊತ್ತು ಮುಳಗೂದ್ರಾಗ ಉಣ್ಣು."