ಕಾರ್ಡಿನಲ್ಲಿ ಉಳಿದ ಕೂಗು

ಗೋಡೆಯ ಕನ್ನಡಿಗೆ ದುಪ್ಪಟಿ ಹೊದಿಸಿ, ಬೀರುವಿನ ಕನ್ನಡಿಗೆ ಮೇಜುಹಾಸು ಸಿಕ್ಕಿಸಿ, ಟೀವಿಯ ಮೇಲೆ ಹಳೆಯ ಅಂಗಿಯೊಂದನ್ನು ಇಳಿಬಿಟ್ಟು, ಇನ್ನೇನು ಮುಗಿಯಿತು ಎಂದು ಕೈ ಒರೆಸಿಕೊಳ್ಳುತ್ತಿದ್ದ ತೊಮಾಸಾಳಿಗೆ ಕಿಟಕಿಯ ಹಲಗೆಯ ಮೇಲೆ ತಂಗಿಯ ಮುಖ ಕಾಣಿಸಿತು.

ತಂಗಿಯ ಫೋನಿನಲ್ಲಿ. ಯಾರದೋ ಸಂತಾಪದ ಸಂದೇಶ ಬಂದು ಪರದೆ ಬೆಳಗಿತ್ತು. ಬೆಳಗಿದ ಪರದೆಯಲ್ಲಿ ಎಡಿಲ್ಮಾ ಕುತ್ತಿಗೆಗೆ ಹಳದಿ ವಸ್ತ್ರ ಸುತ್ತಿಕೊಂಡು ನಗುತ್ತಿದ್ದಳು. ಅದೇ ಎಡಿಲ್ಮಾ ನಡುಮನೆಯಲ್ಲಿ, ಎರಡು ಸ್ಟೂಲುಗಳ ಮೇಲಿಟ್ಟ ಪೆಟ್ಟಿಗೆಯಲ್ಲಿ, ಮೂಗಿಗೆ ಹತ್ತಿ ಇಡಿಸಿಕೊಂಡು ಮಲಗಿದ್ದಳು.

ತೊಮಾಸಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಸತ್ತವರ ಮುಖ ಗಾಜಿನಲ್ಲಿ ಉಳಿದರೆ ಜೀವ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಒಂಬತ್ತು ರಾತ್ರಿ ಜಪ ಮಾಡಿದರೂ ಬಿಡಿಸಿಕೊಳ್ಳಲಾರದು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಕಾಲದ ಗಾಜಿನಲ್ಲಿ ಒಂದು ಸಲಕ್ಕೆ ಒಂದೇ ಮುಖ ಇರುತ್ತಿತ್ತು, ಬಟ್ಟೆ ಹೊದಿಸಿದರೆ ಸಾಕಿತ್ತು. ಇದಕ್ಕೆ ಬಟ್ಟೆ ಸಾಲದು.

ಹೇಗೆ ಮಾಡಬೇಕೆಂಬುದು ತೊಮಾಸಾಳಿಗೆ ಗೊತ್ತಿತ್ತು. ಅವಳ ಸ್ವಂತ ಫೋನು ವಾರಕ್ಕೊಮ್ಮೆ ಗುಲಾಬಿ ಹೂಗಳ ಶುಭೋದಯಗಳಿಂದ ತುಂಬಿ ಉಸಿರು ಕಟ್ಟುತ್ತಿತ್ತು. ಅದನ್ನು ಅವಳೇ ಗುಡಿಸುತ್ತಿದ್ದಳು. ಈಗಲೂ ಚಿತ್ರಗಳೆಲ್ಲವನ್ನೂ ಒಟ್ಟಿಗೆ ಆಯ್ದಳು, ಅಳಿಸಿದಳು. ಕಸದ ಬುಟ್ಟಿ ತೆರೆದು ಅದನ್ನೂ ಖಾಲಿ ಮಾಡಿದಳು. ನಗುತ್ತಿದ್ದ ಮುಖದ ಜಾಗಕ್ಕೆ, ಫೋನಿನ ಜೊತೆಗೇ ಬಂದಿದ್ದ ನೀಲಿ ಬೆಟ್ಟದ ಚಿತ್ರ ಹಾಕಿದಳು. ಆಮೇಲೆ ಫೋನನ್ನು ಬೋರಲಾಗಿ ಇಟ್ಟು, ಕಾಫಿ ಕಾಯಿಸಲು ಒಳಗೆ ಹೋದಳು.

ಹಿತ್ತಿಲಿನ ಮಾವಿನ ಮರದ ಕೆಳಗೆ ಗಂಡಸರು ಡಾಮಿನೊ ಆಡುತ್ತಿದ್ದರು. ಪಕ್ಕದ ಮನೆಯ ಎವೆಲಿಯೊ ಆಟದ ಬಿಲ್ಲೆಯನ್ನು ಮೇಜಿಗೆ ಕುಟ್ಟುತ್ತಾ ಹೇಳಿದ:

"ಎಡಿಲ್ಮಾ ಹೋದಳು ಅಂತ ನನಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ. ಇವತ್ತು ಅವಳ ಕೂಗಿಲ್ದೆ ಬೆಳಿಗ್ಗೆ ಒಂಬತ್ತರವರೆಗೂ ನಿದ್ದೆ ಮಾಡಿದೆ ಕಣ್ರಯ್ಯಾ. ಮದುವೆ ಆದ್ಮೇಲೆ ಇದೇ ಮೊದಲು."

"ಹಾಗಿದ್ರೆ ನಿನ್ನ ಹೆಂಡತಿ ಹೋಗಿ ಎಡಿಲ್ಮಾಳ ಕಾಲಿಗೆ ಬಿದ್ದು ಬರ್ಲಿ," ಎಂದ ಎದುರು ಕೂತವನು. ನಕ್ಕರು. ನಗು ಒಳಗಿನ ಜಪಕ್ಕೆ ಕೇಳಿಸಿತು. ಜಪ ಸ್ವಲ್ಪ ಜೋರಾಯಿತು.

ಮಧ್ಯಾಹ್ನದ ಹೊತ್ತಿಗೆ ಎಡಿಲ್ಮಾಳ ಗಂಡ ಉಬಾಲ್ದೊ ತಳ್ಳುಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಚಕ್ರ ತೊಳೆದಿದ್ದ. ಅವಳು ಮಾರುವ ಕಡುಬು, ಬೊಯೊ, ಇಡುತ್ತಿದ್ದ ಅಲ್ಯುಮಿನಿಯಂ ಪಾತ್ರೆ ತೊಳೆದು ಬೋರಲು ಹಾಕಿದ್ದ. ಹಿಡಿಕೆಗೆ ಕಟ್ಟಿದ ಸ್ಪೀಕರಿನ ಧೂಳನ್ನೂ ಒರೆಸಿದ್ದ.

"ಫೋನ್ ಕೊಡ್ರಿ. ಧ್ವನಿ ಬರುತ್ತಾ ನೋಡ್ಬೇಕು. ನಾಲ್ಕಕ್ಕೆ ಹೊರಡ್ಬೇಕಲ್ಲ."

ಬೊಕಸೇಯ್ಬಾ ಊರಿನಲ್ಲಿ ಸತ್ತವರ ಪೆಟ್ಟಿಗೆ ನೇರವಾಗಿ ಸ್ಮಶಾನಕ್ಕೆ ಹೋಗುವುದಿಲ್ಲ. ದೋಣಿಯವನದು ಹೊಳೆಯ ದಂಡೆಗುಂಟ ಹೋಗುತ್ತದೆ. ಮೇಷ್ಟರದು ಶಾಲೆಯ ಗೇಟಿನಲ್ಲಿ ನಿಂತು ಹೋಗುತ್ತದೆ. ಎಡಿಲ್ಮಾಳದು, ಮೆಕ್ಕೆಜೋಳದ ಬೊಯೊ ಮಾರಿದ ಬೀದಿಗಳನ್ನೆಲ್ಲ ಕೂಗುತ್ತಾ ಸುತ್ತಬೇಕಿತ್ತು. ಅವಳ ಕೂಗು ಎರಡು ವರ್ಷದಿಂದ ಗಂಟಲಿನಲ್ಲಿರಲಿಲ್ಲ, ಫೋನಿನಲ್ಲಿತ್ತು.

ಉಬಾಲ್ದೊ ಫೋನು ತೆರೆದ. ನೀಲಿ ಬೆಟ್ಟ ಕಂಡಿತು. ಅದರ ಹಿಂದೆ ಏನೂ ಇರಲಿಲ್ಲ. ಎವೆಲಿಯೊ ಬೆಳಿಗ್ಗೆ ತೆಗೆದ ಪೆಟ್ಟಿಗೆಯ ವಿಡಿಯೊ ಒಂದು, ಹೂಗಳ ವಿಡಿಯೊ ಎರಡು, ಅಷ್ಟೇ.

"ಇದೇನಿದು?"

"ನಾನೇ ತೆಗೆದೆ," ಎಂದಳು ತೊಮಾಸಾ, ಕಾಫಿಯ ತಟ್ಟೆ ಹಿಡಿದುಕೊಂಡೇ. "ಅವಳ ಮುಖ ಇತ್ತು ಅದರಲ್ಲಿ. ಕನ್ನಡಿ ಮುಚ್ಚಿದ ಹಾಗೆ ಅದನ್ನೂ... ಜೀವ ಸಿಕ್ಕಿಹಾಕ್ಕೊಳ್ಳುತ್ತೆ, ಉಬಾಲ್ದೊ."

"ಅವಳ ಕೂಗೂ ಇತ್ತು ಅದರಲ್ಲಿ."

ತೊಮಾಸಾ ತಟ್ಟೆಯನ್ನು ಕೆಳಗಿಟ್ಟಳು. ಕೂಗಿಗೂ ಮುಖ ಇರುತ್ತದೆಂದು, ಅದೂ ವಿಡಿಯೊದೊಳಗೇ ಕೂತಿತ್ತೆಂದು ಅವಳಿಗೆ ಹೊಳೆದಿರಲಿಲ್ಲ. ಸ್ಪೀಕರಿನಲ್ಲೇ ಇರುತ್ತದೆ ಎಂದುಕೊಂಡಿದ್ದಳು.

*

ಎರಡು ವರ್ಷದ ಹಿಂದೆ, ಪಟ್ಟಣದ ಡಾಕ್ಟರು ಗಂಟಲ ಗಡ್ಡೆಯನ್ನು ತೆಗೆಯಬಹುದು, ಆದರೆ ಧ್ವನಿಯೂ ಅದರ ಜೊತೆಗೇ ಹೋಗುತ್ತದೆ ಎಂದು ಹೇಳಿ ಕಳಿಸಿದ್ದ ವಾರ ಅದು. ಎಡಿಲ್ಮಾ ದೋಣಿಯಿಂದ ಇಳಿದವಳೇ ಒಲೆ ಹಚ್ಚಿದಳು. ಹಿಟ್ಟು ನಾದಿ, ಜೋಳದ ಸಿಪ್ಪೆಯಲ್ಲಿ ಸುತ್ತಿ, ಬೇಯಲು ಹಾಕಿದ ಮೇಲೆ ಗಂಡನ ಕೈಗೆ ಫೋನು ಕೊಟ್ಟಳು.

"ಹಿಡ್ಕೋ. ಅಲ್ಲಾಡಿಸ್ಬೇಡ."

"ಏನ್ ಹಿಡೀಲಿ?"

"ನನ್ನ ಬಾಯಿ ಹಿಡಿ. ಇಷ್ಟು ವರ್ಷ ನಿನ್ನ ಕೈಲಿ ಆಗ್ಲಿಲ್ಲ, ಈಗಾದ್ರೂ ಹಿಡಿ."

ಅವಳು ಕೂಗಿದಳು. ಸರಿಯಾಗಲಿಲ್ಲ. ಮತ್ತೆ ಕೂಗಿದಳು. ಒಮ್ಮೆ ಕೆಮ್ಮು ಬಂತು, ಒಮ್ಮೆ ಬೀದಿಯಲ್ಲಿ ಮೋಟಾರುಬೈಕು ಹೋಯಿತು, ಒಮ್ಮೆ ಅವಳಿಗೇ ನಗು ಬಂತು. ಕೆಟ್ಟವನ್ನು ಆಗಿಂದಾಗಲೇ ಅಳಿಸಿಹಾಕಿಸಿದಳು. ಒಲೆಯ ಮೇಲಿನದು ಮೆತ್ತಗಾಗಿ ಮುದ್ದೆಯಾಗುವ ಹೊತ್ತಿಗೆ ಒಂದು ಕೂಗು ಸರಿಬಂತು. ಅದನ್ನು ಅವಳು ಕಣ್ಣು ಮುಚ್ಚಿ ಕೇಳಿದಳು.

"ಪರವಾಗಿಲ್ಲ," ಎಂದಳು. "ಇವಳು ನನಗಿಂತ ಚೆನ್ನಾಗಿ ಕೂಗ್ತಾಳೆ."

*

ಫೋನಿನ ಅಂಗಡಿಯ ಮಾರೆಲ್ವಿಸ್ ಜಪದ ಹೆಂಗಸರ ಸಾಲಿನಲ್ಲೇ ಕೂತಿದ್ದಳು. ಎದ್ದು ಬಂದು ಉಬಾಲ್ದೊನ ಕೈಯಿಂದ ಫೋನು ಕಿತ್ತುಕೊಂಡಳು.

"ಯಾರೂ ಮುಟ್ಬೇಡಿ ಇದನ್ನ. ಅಳಿಸಿದ ಮೇಲೆ ಇದರಲ್ಲಿ ಏನೇನು ಮಾಡಿದ್ರಿ?"

ಎವೆಲಿಯೊ ಬಾಗಿಲಲ್ಲಿ ನಿಂತಿದ್ದ. "ನಾನು ಸ್ವಲ್ಪ ವಿಡಿಯೊ ಮಾಡಿದೆ. ಬಾರಂಕಿಯದಲ್ಲಿರೋ ನೆಂಟರಿಗೆ ಕಳಿಸೋಣ ಅಂತ. ಅವರ ನಂಬರೆಲ್ಲ ಇದರಲ್ಲೇ ಇದ್ವಲ್ಲ."

"ಎಷ್ಟು ಸ್ವಲ್ಪ?"

"ಹೂವೆಲ್ಲ ಬರ್ಬೇಕಲ್ಲಮ್ಮಾ. ಒಂದೊಂದು ಹಾರದ ಮೇಲಿನ ಹೆಸರೂ ಓದಿದೆ."

"ನಿನ್ನ ಕೈಗೆ ಡಾಮಿನೊ ಬಿಟ್ಟು ಬೇರೇನೂ ಕೊಡ್ಬಾರ್ದು." ಮಾರೆಲ್ವಿಸ್ ಉಬಾಲ್ದೊನ ಕಡೆ ತಿರುಗಿದಳು. "ಕೇಳು. ಅಳಿಸಿದ್ದು ತಕ್ಷಣ ಹೋಗಲ್ಲ. ಮನೆ ಖಾಲಿ ಇದೆ ಅಂತ ಬೋರ್ಡ್ ಹಾಕಿರ್ತಾರೆ, ಹಳಬರು ಒಳಗೇ ಕೂತಿರ್ತಾರೆ. ಹೊಸಬರು ಗಂಟುಮೂಟೆ ಹೊತ್ತು ಬಂದಾಗ ಅವರು ಹೋಗ್ತಾರೆ. ಇವನ ಹೂಗಳು ಎಷ್ಟು ಜನರನ್ನ ಹೊರಗೆ ಹಾಕಿದ್ವೋ ಗೊತ್ತಿಲ್ಲ. ಕೂಗು ಫೋನಿನ ಒಳಗಿತ್ತೋ, ಕಾರ್ಡಿನಲ್ಲಿತ್ತೋ? ಒಳಗಿದ್ರೆ ನನ್ನ ಕೈಲಿ ಆಗಲ್ಲ."

"ಕಾರ್ಡಲ್ಲಿ. ಜಾಗ ಸಾಲದು ಅಂತ ನೀನೇ ಹಾಕಿಕೊಟ್ಟಿದ್ದೆ."

"ಬೇರೆ ಯಾರಿಗೂ ಕಳಿಸಿರ್ಲಿಲ್ವಾ?"

"ದಿನಾ ಬೀದಿಯಲ್ಲಿ ಕೇಳೋದನ್ನ ಯಾರಿಗೆ ಕಳಿಸ್ಲಿ?"

ಕಾರ್ಡು ಉಗುರಿನಷ್ಟಿತ್ತು. ಮಾರೆಲ್ವಿಸ್ ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಅಂಗಡಿಗೆ ನಡೆದಳು. ಹಿಂದೆ ಉಬಾಲ್ದೊ ಹೋದ. ಅವನ ಹಿಂದೆ ತೊಮಾಸಾ, ಜಪಮಣಿಯನ್ನು ಮುಷ್ಟಿಯಲ್ಲಿ ಹಿಡಿದು.

"ನೀನು ಯಾಕೆ ಬರ್ತೀಯ? ಮನೇಲಿ ಎಡಿಲ್ಮಾಳ ಹತ್ತಿರ ನಮ್ಮವರು ಯಾರೂ ಇಲ್ಲ," ಎಂದ ಉಬಾಲ್ದೊ.

"ಅವಳೂ ಇಲ್ಲೇ ಇದಾಳಲ್ಲ," ಎಂದು ತೊಮಾಸಾ ಮಾರೆಲ್ವಿಸಳ ಕರವಸ್ತ್ರವನ್ನು ತೋರಿಸಿದಳು.

ಅಂಗಡಿಯ ಕಂಪ್ಯೂಟರು ಹಳೆಯದು. ಅದು ಕಾರ್ಡಿನಲ್ಲೆಲ್ಲ ಹುಡುಕುತ್ತಾ ಸಿಕ್ಕಿದ್ದನ್ನೆಲ್ಲ ಪರದೆಗೆ ಎಳೆದು ಹಾಕತೊಡಗಿತು. ಹೆಸರಿರಲಿಲ್ಲ, ದಿನಾಂಕವಿರಲಿಲ್ಲ, ಹಿಂದುಮುಂದಿರಲಿಲ್ಲ. ಗುಲಾಬಿ ಹೂ. ಕರೆಂಟಿನ ಮೀಟರು. ಗುಲಾಬಿ ಹೂ. ತಳ ಹತ್ತಿದ ಪಾತ್ರೆ. ಬಾಯಿ ತೆರೆದು ನಿದ್ದೆ ಮಾಡುತ್ತಿರುವ ಉಬಾಲ್ದೊ. ಮತ್ತೆ ಉಬಾಲ್ದೊ, ಈ ಸಲ ಎಡಗಡೆಯಿಂದ. ಹರಿದ ಚಪ್ಪಲಿ. ಮಳೆಗೆ ಮುಳುಗಿದ ಬೀದಿಯಲ್ಲಿ ತೇಲುತ್ತಿರುವ ಯಾರದೋ ಕುರ್ಚಿ. ಉಬಾಲ್ದೊ, ಆರಾಮಕುರ್ಚಿಯಲ್ಲಿ, ನೊಣದ ಸಮೇತ.

"ನಿನ್ನ ಮೇಲೆ ಇಷ್ಟು ಪ್ರೀತಿಯಿತ್ತಾ ಅವಳಿಗೆ?" ಎಂದಳು ಮಾರೆಲ್ವಿಸ್.

"ಗೊರಕೆಗೆ ಸಾಕ್ಷಿ ಬೇಕಿತ್ತು. ನಾನು ಒಪ್ತಿರ್ಲಿಲ್ಲ."

ಆಮೇಲೆ ಒಂದು ಕುತ್ತಿಗೆ ಬಂತು. ಸ್ನಾನದ ಮನೆಯ ಕನ್ನಡಿಯೆದುರು ನಿಂತು ತೆಗೆದದ್ದು. ಹಳದಿ ವಸ್ತ್ರ ಇರಲಿಲ್ಲ. ಕೊರಳಿನ ನಡುವೆ ಒಂದು ಸಣ್ಣ ತೂತು, ಸುತ್ತ ಕೆಂಪು. ಎಡಿಲ್ಮಾ ಅದನ್ನು ನೇರವಾಗಿ ನೋಡುತ್ತಿದ್ದಳು.

ತೊಮಾಸಾ ಹತ್ತಿರ ಬಾಗಿದಳು. "ನನಗೆ ಒಂದ್ಸಲಾನೂ ತೋರಿಸ್ಲಿಲ್ಲ."

"ನನಗೂ," ಎಂದ ಉಬಾಲ್ದೊ.

ಚಿತ್ರ ಮೇಲಕ್ಕೆ ಸರಿದು, ಆ ಜಾಗಕ್ಕೆ ಇನ್ನೊಂದು ಗುಲಾಬಿ ಬಂತು.

*

ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಸಲ ಗಾಡಿ ಹೊರಟ ದಿನ ಹೆಂಗಸರು ಬೀದಿಗೆ ಓಡಿ ಬಂದಿದ್ದರು.

"ಗಂಟಲು ಬಂತಾ ಎಡಿಲ್ಮಾ! ಮಾತೆ ಮರಿಯಾ ಕಣ್ಣು ಬಿಟ್ಟಳು!"

ಎಡಿಲ್ಮಾ ಹಿಡಿಕೆಯ ಸ್ಪೀಕರಿಗೆ ಬೆರಳು ತೋರಿಸಿದಳು. ಅದು ಕೂಗುತ್ತಲೇ ಇತ್ತು. ಹೆಂಗಸರ ಮುಖ ಬಾಡಿತು. ಆದರೂ ಹೊರಗೆ ಬಂದಾಗಿತ್ತಲ್ಲ, ಕೊಂಡುಕೊಂಡರು.

ದಿನ ಕಳೆದಂತೆ ಎಡಿಲ್ಮಾಳ ಜಗಳ ಕಡಿಮೆಯಾಯಿತು ಎಂದು ಊರು ಆಡಿಕೊಂಡಿತು. ಕಡಿಮೆಯಾಗಿರಲಿಲ್ಲ. ಯಾರಾದರೂ ಸಾಲ ಹೇಳಿದರೆ ಅವಳು ಅವರ ಬಾಗಿಲಲ್ಲೇ ಗಾಡಿ ನಿಲ್ಲಿಸಿ ಸ್ಪೀಕರಿನ ಧ್ವನಿ ಏರಿಸುತ್ತಿದ್ದಳು. ಕಾಸು ಬರುವವರೆಗೆ ಏರಿಸುತ್ತಿದ್ದಳು. ಒಮ್ಮೆ ನಡುಬೀದಿಯಲ್ಲಿ ಫೋನು ಬಂದು, ಕರೆಂಟಿನ ಬಾಕಿ ಕೇಳುವ ಹುಡುಗಿಯ ಮಾತು ಇಡೀ ಬೀದಿಗೆ ಕೇಳಿಸಿತು. ಎಡಿಲ್ಮಾ ಗಾಡಿಗೆ ಒರಗಿ ನಕ್ಕಳು. ಸದ್ದಿರಲಿಲ್ಲ. ಭುಜಗಳು ಮಾತ್ರ ಕುಲುಕುತ್ತಿದ್ದವು, ದೂರದಿಂದ ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು.

*

ವಿಡಿಯೊಗಳು ಕೊನೆಗೆ ಬಂದವು. ಬಹಳ ಇರಲಿಲ್ಲ. ಮೊದಲನೆಯದರಲ್ಲಿ ಎಡಿಲ್ಮಾಳ ತೆರೆದ ಬಾಯಿ ಕಂಡಿತು. ಅದೇ ಕೂಗು. ಉಬಾಲ್ದೊ ಎದ್ದು ನಿಂತ. ಮಾರೆಲ್ವಿಸ್ ಒತ್ತಿದಳು. ಬಾಯಿ ಬೂದು ಚೌಕಗಳಾಗಿ ಒಡೆಯಿತು, ಸದ್ದು ಹೊರಡಲಿಲ್ಲ.

"ಇದರ ಮೇಲೆ ಎವೆಲಿಯೊನ ಹೂವು ಕೂತಿದೆ," ಎಂದಳು.

ಇನ್ನೊಮ್ಮೆ ಪ್ರಯತ್ನಿಸಿದಳು. ಬೇರೆ ದಾರಿಯಿಂದ ಪ್ರಯತ್ನಿಸಿದಳು. ಬೂದು ಚೌಕ. ಇಗರ್ಜಿಯ ಗಂಟೆ ಮೊದಲ ಸಲ ಹೊಡೆಯಿತು; ಪೆಟ್ಟಿಗೆ ಮುಚ್ಚುವವರು ಬಂದಿರಬೇಕು.

"ಇನ್ನೊಂದಿದೆ. ಇದು ತೊಮಾಸಾ ಅಳಿಸಿದ್ದಲ್ಲ, ತುಂಬಾ ಹಿಂದೆ ಅಳಿಸಿದ್ದು. ಹೇಗೆ ಉಳೀತೋ, ಯಾವ ಹೊಸಬರಿಗೂ ಈ ಜಾಗ ಬೇಕಾಗ್ಲಿಲ್ಲ."

ಒತ್ತಿದಳು. ಪರದೆಯ ಅರ್ಧಕ್ಕೆ ಕಂದು ಬಣ್ಣದ ಏನೋ ಅಡ್ಡ ಬಂದಿತ್ತು, ಇನ್ನರ್ಧದಲ್ಲಿ ಒಲೆಯ ಹೊಗೆ. ಹೊಗೆಯೊಳಗಿಂದ ಆ ಕೂಗು ಎದ್ದಿತು, ಊರೆಲ್ಲ ಹಾಸಿಗೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಅದೇ ಎಳೆತದಲ್ಲಿ:

"ಬೊಯೋ... ಬಿಸೀ ಬೊಯೋ... ಈಗಷ್ಟೇ ಒಲೆಯಿಂದ ಇಳ್ಸಿದ್ದೂ..."

ಅಲ್ಲಿಗೆ ಕತ್ತರಿಸಿದಂತೆ ನಿಂತಿತು.

"ಉಬಾಲ್ದೊ! ಬೆರಳು ತೆಗಿ! ನಿನ್ನ ಹೆಬ್ಬೆರಳು ನೋಡೋಕೆ ಯಾರು ಕಾಸು ಕೊಡ್ತಾರೆ? ಅಯ್ಯೋ, ಕೋಳಿ! ಕೋಳಿ ಓಡ್ಸು, ಹಿಟ್ಟಿಗೆ ಬಾಯಿ ಹಾಕ್ತು, ನಿಂತ್ಕೊಂಡು ನೋಡ್ತಾನೆ ಮಂಕ..."

ಆಮೇಲೆ ನಗು. ಧ್ವನಿಯಿದ್ದ ನಗು. ಮುಗಿಯಿತು.

ಫ್ಯಾನು ತಿರುಗುತ್ತಿತ್ತು. ಮಾರೆಲ್ವಿಸ್ ಕಣ್ಣೊರೆಸಿಕೊಳ್ಳುವ ಬದಲು ಮೂಗು ಸೀಟಿದಳು.

"ಕೂಗಿನ ಬಾಲ ಇಲ್ಲ. ಇದ್ದಷ್ಟನ್ನೇ ಮತ್ತೆ ಮತ್ತೆ ಬರೋ ಹಾಗೆ ಮಾಡ್ತೀನಿ. ಬೈಗುಳ ಕತ್ತರಿಸ್ಲಾ?"

ಉಬಾಲ್ದೊ ತೊಮಾಸಾಳನ್ನು ನೋಡಿದ. ಪಾದ್ರಿ ಇರುತ್ತಾರೆ, ಊರಿರುತ್ತದೆ. ಸಾವಿನ ಮೆರವಣಿಗೆಯಲ್ಲಿ ಮಂಕ ಎನ್ನಿಸಿಕೊಂಡು ನಡೆಯುವುದು ಹೇಗೆ?

"ನನ್ನನ್ಯಾಕೆ ನೋಡ್ತೀಯ?" ಎಂದಳು ತೊಮಾಸಾ. "ಅಳಿಸೋದಕ್ಕೆ ಇನ್ನೂ ನನ್ನನ್ನೇ ಕೇಳ್ತೀಯಾ?"

ಅವನು ಪರದೆಯ ಕಡೆ ತಿರುಗಿದ.

"ಇರ್ಲಿ," ಎಂದ. "ಹಾಗೇ ಇರ್ಲಿ."

ಬಿಸಿಲು ಇನ್ನೂ ಇಳಿದಿರಲಿಲ್ಲ. ಗಾಡಿ ಮುಂದೆ, ಪೆಟ್ಟಿಗೆ ಹಿಂದೆ, ಅದರ ಹಿಂದೆ ಕಪ್ಪು ಕೊಡೆಗಳು. ಮೊದಲ ಬೀದಿಯಲ್ಲಿ ಕೂಗು ಎದ್ದಾಗ ಜನ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಬೈಗುಳ ಬಂದಾಗ ಕೈ ಅಲ್ಲೇ ನಿಂತಿತು. ಯಾರೋ ಬಾಯಿ ಮುಚ್ಚಿಕೊಂಡರು. ಎವೆಲಿಯೊ ಪೆಟ್ಟಿಗೆಯ ಮೂಲೆ ಹೊತ್ತುಕೊಂಡೇ ನಕ್ಕ, ಪೆಟ್ಟಿಗೆ ಓಲಾಡಿತು. "ನೆಟ್ಟಗೆ ಹಿಡಿಯೋ, ಅವಳು ಎದ್ದು ಬೈತಾಳೆ," ಎಂದ ಪಕ್ಕದವನು. ಪಾದ್ರಿ ನೆಲ ನೋಡುತ್ತಾ ನಡೆದರು.

ಉಬಾಲ್ದೊ ತಿರುಗಿ ನೋಡಲಿಲ್ಲ. ಬೆರಳು ತೆಗಿ ಎಂದು ಸ್ಪೀಕರು ಗದರಿದಾಗಲೆಲ್ಲ ಅವನ ಹೆಬ್ಬೆರಳು ಗಾಡಿಯ ಹಿಡಿಕೆಯಿಂದ ಮೇಲೇಳುತ್ತಿತ್ತು. ಅದು ಅವನಿಗೆ ಗೊತ್ತಿದ್ದಂತಿರಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ತೊಮಾಸಾ ಅದನ್ನೇ ನೋಡುತ್ತಿದ್ದಳು. ಅವಳ ಜಪ ನಿಂತು ಎರಡು ಬೀದಿಗಳಾಗಿದ್ದವು.

ಕೊನೆಯ ಬೀದಿಯಲ್ಲಿ ಹೊಸ ಆರೋಗ್ಯಕೇಂದ್ರದ ಕಟ್ಟಡ ಏಳುತ್ತಿತ್ತು. ಕೆಲಸದವರು ಬೇರೆ ಊರಿನವರು, ಅದೇ ವಾರ ಬಂದವರು. ಅವರಲ್ಲೊಬ್ಬ ಕೂಗು ಕೇಳಿದವನೇ ಎನಾಮಲ್ ತಟ್ಟೆ ಹಿಡಿದು ಸಾರುವೆಯಿಂದ ದಡದಡ ಇಳಿದು ಬಂದು, ಗಾಡಿಯ ಎದುರಿಗೆ ನಿಂತ.

"ನಾಲ್ಕು ಕೊಡಿ ಯಜಮಾನ್ರೇ. ಜೊತೆಗೆ ಚೀಸ್ ಇದ್ರೆ..."

ಗಾಡಿ ನಿಂತಿತು. ಗಾಡಿ ನಿಂತದ್ದರಿಂದ ಪೆಟ್ಟಿಗೆಯೂ ನಿಂತಿತು, ಕೊಡೆಗಳೂ ನಿಂತವು. ಆಗ ಅವನು ಪೆಟ್ಟಿಗೆಯನ್ನು ಕಂಡ. ಸಿಮೆಂಟು ಮೆತ್ತಿದ ಟೋಪಿಯನ್ನು ತೆಗೆದ. ತಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದೆ ಟೋಪಿಯ ಜೊತೆಗೇ ಎದೆಗೆ ಒತ್ತಿಕೊಂಡ. ಸ್ಪೀಕರು ಒಲೆಯಿಂದ ಇಳಿಸಿದ್ದೂ ಎಂದು ಎಳೆದು, ತಟಕ್ಕನೆ ನಿಂತು, ಉಬಾಲ್ದೊನನ್ನು ಗದರಿ, "ಅಯ್ಯೋ, ಕೋಳಿ! ಕೋಳಿ ಓಡ್ಸು!" ಎಂದು ಕಿರುಚಿತು.

ಆ ಮನುಷ್ಯ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದು, ತನ್ನ ಕಾಲ ಬುಡದಲ್ಲಿ ಕೋಳಿಯನ್ನು ಹುಡುಕತೊಡಗಿದ.